ನಂಬರ್ ನಂಬಬೇಡಿ, ಮೂಲೆ ಹುಡುಕಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮುತ್ತಜ್ಜ 1927ರಲ್ಲಿ ಕಾನೂನು ಓದಲು ಲಂಡನ್‌ಗೆ ಹೋಗಿ 1930ರಲ್ಲಿ ವಾಪಸ್ ಬಂದರು. ಅವರು ಮುತ್ತಜ್ಜಿಗೆ ಬರೆದ ಕಾಗದಗಳು ಈಗ ನನ್ನ ಹತ್ತಿರ ಇವೆ. ಎಲ್ಲದರ ಮೇಲೂ ‘8, ಟೊರಿಂಗ್ಟನ್ ಸ್ಕ್ವೇರ್, ಲಂಡನ್, ಡಬ್ಲ್ಯು.ಸಿ. 1’ ಎಂದಿದೆ. ಮನೆಯೊಡತಿಯ ಬಗ್ಗೆ ತುಂಬಾ ಬರೆದಿದ್ದಾರೆ, ಆದರೆ ಹೆಸರು ಹೇಳಿಲ್ಲ. ಫೋನಿನ ಮ್ಯಾಪ್ ನೋಡಿದರೆ ಅಲ್ಲಿ ಬರೀ ಯೂನಿವರ್ಸಿಟಿ ಕಟ್ಟಡಗಳು. ಆ ಮನೆ ಎಲ್ಲಿತ್ತು, ಏನಾಯಿತು ಅಂತ ತಿಳಿಯಬಹುದಾ?

ಉತ್ತರ: ತಿಳಿಯಬಹುದು. ನಿಮ್ಮ ಹತ್ತಿರ ವಿಳಾಸ ಇದೆ, ವರ್ಷವೂ ಇದೆ. ನನಗೆ ಬರೆಯುವ ಬಹಳ ಜನರ ಹತ್ತಿರ ಇವೆರಡರಲ್ಲಿ ಒಂದೂ ಇರುವುದಿಲ್ಲ. ಆ ಕಾಗದಗಳನ್ನು ದಯವಿಟ್ಟು ಇವತ್ತೇ ಸ್ಕ್ಯಾನ್ ಮಾಡಿ. ಲಕೋಟೆ ಉಳಿದಿದ್ದರೆ ಅದರ ಎರಡೂ ಬದಿ ತೆಗೆಯಿರಿ, ಅಂಚೆ ಮುದ್ರೆ ಕಾಣುವ ಹಾಗೆ.

ನಾನು ಕೆಲಸ ಮಾಡಿದ್ದೆಲ್ಲ ಹಳೆಯ ನಕ್ಷೆಗಳ ಮಧ್ಯೆ. ಇಂಥ ಪ್ರಶ್ನೆ ಬಂದಾಗ ನಾನು ಹೇಳುವುದು ಒಂದೇ. ಮನೆಯನ್ನು ಆಮೇಲೆ ಹುಡುಕೋಣ, ಮೊದಲು ಅದು ನಿಂತಿದ್ದ ನೆಲವನ್ನು ಹುಡುಕಿ. ಮನೆ ನಂಬರ್ ಬದಲಾಗುತ್ತದೆ, ಬೀದಿಯ ಹೆಸರೂ ಬದಲಾಗುತ್ತದೆ. ಎರಡು ಬೀದಿ ಸೇರುವ ಮೂಲೆ ಮಾತ್ರ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಅದೇ ಬಡಾವಣೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಚಾರ್ಲ್ಸ್ ಡಾರ್ವಿನ್ ಮದುವೆಯಾದ ಹೊಸತರಲ್ಲಿ ಇದ್ದದ್ದು 12, ಅಪ್ಪರ್ ಗೋವರ್ ಸ್ಟ್ರೀಟ್ ಮನೆಯಲ್ಲಿ. ಮುಂದೆ ‘ಅಪ್ಪರ್’ ಹೋಗಿ ಬರೀ ಗೋವರ್ ಸ್ಟ್ರೀಟ್ ಆಯಿತು, 12 ಹೋಗಿ 110 ಆಯಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಮನೆಯೂ ಹೋಯಿತು. ಈಗ ಅಲ್ಲಿ ಯೂನಿವರ್ಸಿಟಿ ಕಾಲೇಜಿನ ಕಟ್ಟಡವಿದೆ, ಗೋಡೆಯ ಮೇಲೆ ಫಲಕವಿದೆ. ಸುಮ್ನೆ 12ನೇ ನಂಬರ್ ಹಿಡಿದು ಹೊರಟವರು ಬೇರೆ ಯಾರದೋ ಬಾಗಿಲ ಮುಂದೆ ನಿಲ್ಲುತ್ತಾರೆ.

ನಿಮ್ಮ ಸ್ಕ್ವೇರ್‌ಗೆ ಹಳೆಯ ಹೆಸರೇ ಉಳಿದಿದೆ, ಅದು ನಿಮ್ಮ ಅದೃಷ್ಟ. 1930ರ ದಶಕದಲ್ಲಿ ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್, ಒಂದೇ ಹೆಸರು ಹತ್ತು ಕಡೆ ಇದೆ ಅಂತ, ನೂರಾರು ಬೀದಿಗಳ ಹೆಸರು ಬದಲಿಸಿತು. ಅಂಥ ವಿಳಾಸ ಇರುವವರು ಕೌನ್ಸಿಲ್ 1955ರಲ್ಲಿ ಪ್ರಕಟಿಸಿದ ಬೀದಿ ಹೆಸರುಗಳ ಪಟ್ಟಿ ನೋಡಬೇಕು. ಹಳೆಯ ಹೆಸರು, ಹೊಸ ಹೆಸರು ಎರಡೂ ಅದರಲ್ಲಿವೆ.

ಈಗ ನಕ್ಷೆ. ಸ್ಕಾಟ್ಲೆಂಡ್ ನ್ಯಾಷನಲ್ ಲೈಬ್ರರಿಯ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಹಳೆಯ ಹಾಳೆಗಳು ಉಚಿತವಾಗಿ ಸಿಗುತ್ತವೆ. ಲಂಡನ್‌ಗೆ 1890ರ ದಶಕದ, ನೆಲದ ಒಂದು ಮೈಲಿಯನ್ನು ಐದು ಅಡಿ ಉದ್ದದಲ್ಲಿ ತೋರಿಸುವ ಹಾಳೆಗಳಿವೆ. ಒಂದೊಂದು ಮನೆಯ ಗೋಡೆಯೂ ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಆ ಹಾಳೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹಾಸಿ, ಕೆಳಗಿರುವ ಗುಂಡಿಯನ್ನು ಸರಿಸಿದರೆ ಹಳೆಯದು ಮೆಲ್ಲಗೆ ಮಾಸಿ ಹೊಸದು ಮೇಲೆ ಬರುತ್ತದೆ. ಹಾಗೆ ಮಾಡುವಾಗ ಕಣ್ಣು ನಿಮ್ಮ ಮನೆಯ ಮೇಲೆ ಬೇಡ. ಎರಡರಲ್ಲೂ ಅಲ್ಲಾಡದೆ ನಿಂತಿರುವುದು ಯಾವುದು ಅಂತ ನೋಡಿ. ಸ್ಕ್ವೇರಿನ ಉತ್ತರ ತುದಿಯಲ್ಲಿ ಬಿಂಗ್ ಪ್ಲೇಸ್ ಇದೆ, ಅಲ್ಲಿ 1850ರ ದಶಕದಲ್ಲಿ ಕಟ್ಟಿದ ದೊಡ್ಡ ಚರ್ಚ್ ಈಗಲೂ ಇದೆ. ಇನ್ನೂ ಒಂದು ಗುರುತು ಉಂಟು. ಹಳೆಯ ಸಾಲಿನ ಕೆಲವು ಮನೆಗಳು ಉಳಿದಿವೆ. ಕವಿ ಕ್ರಿಸ್ಟಿನಾ ರೊಸೆಟ್ಟಿ 1894ರಲ್ಲಿ ತೀರಿಕೊಂಡ 30ನೇ ನಂಬರ್ ಮನೆ ಅವುಗಳಲ್ಲಿ ಒಂದು. ಚರ್ಚ್ ಮತ್ತು 30ನೇ ಮನೆ, ಈ ಎರಡು ಮೊಳೆ ಹೊಡೆದುಕೊಂಡರೆ ನಿಮ್ಮ ನಕ್ಷೆ ಜಾರುವುದಿಲ್ಲ.

ಆದರೆ 8ನೇ ನಂಬರ್ ಯಾವ ಬದಿಯಲ್ಲಿತ್ತು? ಇದನ್ನು ಊಹೆ ಮಾಡಬೇಡಿ. ಲಂಡನ್ ಬೀದಿಗಳಲ್ಲಿ ಒಂದು ಬದಿ ಬೆಸ, ಇನ್ನೊಂದು ಬದಿ ಸಮ ಇರುವುದು ಸಾಮಾನ್ಯ. ಸ್ಕ್ವೇರ್‌ಗಳಲ್ಲಿ 1, 2, 3 ಅಂತ ಸಾಲಾಗಿ ಸುತ್ತು ಹಾಕುವುದು ಜಾಸ್ತಿ. ಇದಕ್ಕೆ ಪೋಸ್ಟ್ ಆಫೀಸ್ ಲಂಡನ್ ಡೈರೆಕ್ಟರಿ ಬೇಕು. ಕೆಲ್ಲಿ ಕಂಪನಿ ವರ್ಷ ವರ್ಷ ಅಚ್ಚು ಹಾಕುತ್ತಿದ್ದ ದಪ್ಪ ಪುಸ್ತಕ ಅದು. ಅದರ ಬೀದಿ ವಿಭಾಗ ನನಗೆ ಬಹಳ ಇಷ್ಟ. ಒಬ್ಬ ಮನುಷ್ಯ ಬೀದಿಯಲ್ಲಿ ನಡೆಯುತ್ತಾ ಬಾಗಿಲು ಬಾಗಿಲು ಬರೆದುಕೊಂಡ ಹಾಗಿರುತ್ತದೆ. ನಂಬರ್, ಹೆಸರು, ಕಸುಬು. ಅಡ್ಡರಸ್ತೆ ಬಂದಾಗ ಸಾಲಿನ ಮಧ್ಯೆಯೇ ‘ಇಲ್ಲಿ ಇಂಥ ರಸ್ತೆ’ ಅಂತ ಬರುತ್ತದೆ. ಆ ಪುಟ್ಟ ಸಾಲು ಸಿಕ್ಕಿತೆಂದರೆ, ಮೂಲೆಯಿಂದ ಎಷ್ಟನೇ ಮನೆ ಅಂತ ಎಣಿಸಿ ನಕ್ಷೆಯ ಮೇಲೆ ಬೆರಳಿಡಬಹುದು. 1927ರಿಂದ 1930ರವರೆಗಿನ ಎಲ್ಲ ವರ್ಷಗಳದ್ದನ್ನೂ ನೋಡಿ.

ಡೈರೆಕ್ಟರಿಯಲ್ಲಿ ನಿಮ್ಮ ಮುತ್ತಜ್ಜನ ಹೆಸರು ಹುಡುಕಿ ಬೇಜಾರಾಗಬೇಡಿ. ಬಾಡಿಗೆ ಕೋಣೆಯಲ್ಲಿ ಇದ್ದವರನ್ನು ಅದರಲ್ಲಿ ಹಾಕುತ್ತಿರಲಿಲ್ಲ, ಮನೆ ನಡೆಸುವವರ ಹೆಸರಷ್ಟೇ. ಅಂದರೆ ನಿಮಗೆ ಸಿಗುವುದು ಆ ಮನೆಯೊಡತಿಯ ಹೆಸರು! ಕಾಗದದ ತುಂಬ ಇದ್ದೂ ಹೆಸರಿಲ್ಲದ ಆ ಹೆಂಗಸು ಯಾರು ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮುತ್ತಜ್ಜನ ಹೆಸರಿಗೆ ಮತದಾರರ ಪಟ್ಟಿ ನೋಡಿ. 1918ರ ನಂತರ 21 ವರ್ಷ ತುಂಬಿ ಅಲ್ಲಿ ವಾಸವಿದ್ದ ಗಂಡಸರಿಗೆ ಮತ ಇತ್ತು. ಭಾರತೀಯರು ಆಗ ಬ್ರಿಟಿಷ್ ಪ್ರಜೆಗಳೇ ಆದ್ದರಿಂದ ಅವರ ಹೆಸರೂ ಇರಬಹುದು. ಅವರು ಯಾವ ‘ಇನ್’ (ಬ್ಯಾರಿಸ್ಟರ್ ಆಗುವವರು ಸೇರುವ ಸಂಸ್ಥೆ) ಸೇರಿದ್ದರು, ಲಿಂಕನ್ಸ್ ಇನ್, ಗ್ರೇಸ್ ಇನ್, ಮಿಡ್ಲ್ ಟೆಂಪಲ್, ಇನ್ನರ್ ಟೆಂಪಲ್, ಅದು ಗೊತ್ತಾದರೆ ಅಲ್ಲಿನ ಪ್ರವೇಶ ಪುಸ್ತಕಕ್ಕೂ ಬರೆದು ಕೇಳಿ. ಹಡಗಿನ ಪ್ರಯಾಣಿಕರ ಪಟ್ಟಿಗಳು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ವಾಪಸ್ ಹೊರಟವರ ಪಟ್ಟಿಯಲ್ಲಿ, ಬ್ರಿಟನ್ನಿನಲ್ಲಿ ಕೊನೆಯದಾಗಿ ಇದ್ದ ವಿಳಾಸವನ್ನೂ ಬರೆಯುತ್ತಿದ್ದರು.

ಜನಗಣತಿಯಿಂದ ಮಾತ್ರ ಉಪಯೋಗವಿಲ್ಲ. 1921ರದ್ದು ಸಿಗುತ್ತದೆ, ಆದರೆ ಮುತ್ತಜ್ಜ ಹೋದದ್ದು ಆಮೇಲೆ. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧ, ಎಣಿಕೆಯೇ ಆಗಲಿಲ್ಲ. ಉಳಿದದ್ದು ಯುದ್ಧ ಶುರುವಾದಾಗ, 29 ಸೆಪ್ಟೆಂಬರ್ 1939ರಂದು, ಮನೆ ಮನೆಯಲ್ಲಿ ಇದ್ದವರನ್ನು ಬರೆದುಕೊಂಡ ರಿಜಿಸ್ಟರ್. ಮುತ್ತಜ್ಜ ಅದರಲ್ಲಿ ಇರುವುದಿಲ್ಲ. ಆದರೂ ನೋಡಿ. ಆ ಮನೆಯೊಡತಿ ಇನ್ನೂ ಅದೇ ಬಾಗಿಲಲ್ಲಿ ಇದ್ದರೆ, ಮನೆ ಆಗಿನ್ನೂ ನಿಂತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಕೊನೆಯ ಪ್ರಶ್ನೆ, ಮನೆ ಏನಾಯಿತು? ನಿಮ್ಮ ಸ್ಕ್ವೇರ್ ಇರುವ ಬ್ಲೂಮ್ಸ್‌ಬರಿ ಬಡಾವಣೆಯಲ್ಲಿ ಹಳೆಯ ಮನೆ ಬಿದ್ದಿದ್ದರೆ ಅದಕ್ಕೆ ಕಾರಣ ಬಹುತೇಕ ಎರಡೇ, ಬಾಂಬ್ ಅಥವಾ ಯೂನಿವರ್ಸಿಟಿ. ಮುತ್ತಜ್ಜ ಅಲ್ಲಿಗೆ ಹೋದ 1927ರಲ್ಲೇ ಲಂಡನ್ ಯೂನಿವರ್ಸಿಟಿ ಅಲ್ಲಿನ ಜಾಗ ಕೊಂಡಿತು. 1932ರಿಂದ ಯೂನಿವರ್ಸಿಟಿಯ ಮುಖ್ಯ ಕಟ್ಟಡ ಸೆನೆಟ್ ಹೌಸ್ ಕಟ್ಟಿದರು, ಯುದ್ಧದ ನಂತರವೂ ಸಾಲು ಸಾಲು ಮನೆ ಕೆಡವಿದರು. ಬಾಂಬಿನ ವಿಷಯ ಬೇಕಾದರೆ ಕೌಂಟಿ ಕೌನ್ಸಿಲ್‌ನ ಬಾಂಬ್ ಹಾನಿ ನಕ್ಷೆಗಳಿವೆ. ಪ್ರತಿ ಕಟ್ಟಡಕ್ಕೂ ಕೈಯಲ್ಲೇ ಬಣ್ಣ ಹಚ್ಚಿದ್ದಾರೆ. ಕಪ್ಪು ಎಂದರೆ ಪೂರ್ತಿ ನೆಲಸಮ. ನೇರಳೆ ಎಂದರೆ ರಿಪೇರಿಗೂ ಮೀರಿದ್ದು. ಹಳದಿ ಎಂದರೆ ಸಣ್ಣಪುಟ್ಟ ಏಟು. ಮೊದಲ ಸಲ ಆ ಹಾಳೆ ನೋಡಿದಾಗ ಒಂದು ಕಪ್ಪು ಚೌಕದ ಪಕ್ಕ ಬಣ್ಣವೇ ಇಲ್ಲದ ಮನೆ ನೋಡಿ ನನಗೆ ಎದೆ ಝಲ್ಲೆಂದಿತ್ತು. ನಡುವೆ ಒಂದೇ ಗೋಡೆ. ನಿಮ್ಮ 8ನೇ ಮನೆಗೆ ಬಣ್ಣ ಇಲ್ಲದಿದ್ದರೆ ಅದು ಯುದ್ಧ ದಾಟಿತು, ಕೆಡವಿದವರು ಆಮೇಲೆ ಬಂದರು ಅಂತ ಅರ್ಥ. ಹಾಗಿದ್ದರೆ ಇನ್ನೂ ಒಳ್ಳೆಯದು. ಆ ಕಾಲದ ಫೋಟೋ ಸಿಗುವ ಸಾಧ್ಯತೆ ಇದೆ. ಲಂಡನ್ ಪಿಕ್ಚರ್ ಆರ್ಕೈವ್‌ನಲ್ಲಿ ಬೀದಿ ಹೆಸರು ಕೊಟ್ಟು ಹುಡುಕಿ. ಆಮೇಲೆ ಆ ಭಾಗದ ನಗರಾಡಳಿತವಾದ ಕ್ಯಾಮ್ಡೆನ್‌ನ ಸ್ಥಳೀಯ ಇತಿಹಾಸ ಕೇಂದ್ರಕ್ಕೆ ಇಮೇಲ್ ಮಾಡಿ, ಮನೆಯ ಚರಂಡಿ ನಕ್ಷೆ ಇದೆಯಾ ಅಂತ ಕೇಳಿ. ಚರಂಡಿ ಅಂತ ಮೂಗು ಮುರಿಯಬೇಡಿ. ಪೈಪ್ ಎಲ್ಲಿ ಹೋಗುತ್ತದೆ ಅಂತ ತೋರಿಸಲು ಮನೆಯ ಒಳಗಿನ ವಿನ್ಯಾಸವನ್ನೂ ಬರೆದಿರುತ್ತಾರೆ. ಮುತ್ತಜ್ಜ ಹತ್ತಿ ಇಳಿದ ಮೆಟ್ಟಿಲು ಅದರಲ್ಲಿ ಕಾಣಬಹುದು.

ಪ್ರಶ್ನೆ: ನನ್ನ ಹತ್ತಿರ ವಿಳಾಸ ಇಲ್ಲ, ಒಂದು ಫೋಟೋ ಮಾತ್ರ. ಅಜ್ಜಿಯ ಅಣ್ಣ ಲಂಡನ್ನಿನ ಯಾವುದೋ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಪಕ್ಕದಲ್ಲಿ ಕಬ್ಬಿಣದ ಕಟಕಟೆ, ಹಿಂದೆ ಅಂಗಡಿಯ ಅರ್ಧ ಬೋರ್ಡು. ಇಷ್ಟರಲ್ಲಿ ಏನಾದರೂ ಆಗುತ್ತಾ?

ಉತ್ತರ: ಆ ಅರ್ಧ ಬೋರ್ಡೇ ನಿಮ್ಮ ಬಂಡವಾಳ. ಫೋಟೋವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಅಕ್ಷರ ಓದಿ. ಡೈರೆಕ್ಟರಿಯಲ್ಲಿ ಕಸುಬಿನ ಪ್ರಕಾರವೂ ಪಟ್ಟಿ ಇರುತ್ತದೆ. ಹೆಸರಿನ ಮೂರು ಅಕ್ಷರ ಮತ್ತು ಏನು ವ್ಯಾಪಾರ ಅಂತ ಗೊತ್ತಾದರೂ ಹುಡುಕಾಟ ಕೆಲವೇ ಬೀದಿಗಳಿಗೆ ಇಳಿಯುತ್ತದೆ. ಕಟಕಟೆಯೂ ಮಾತಾಡುತ್ತದೆ. ಯುದ್ಧಕಾಲದಲ್ಲಿ, 1941ರಿಂದ, ಲೋಹಕ್ಕಾಗಿ ಇಂಥ ಕಟಕಟೆಗಳನ್ನು ಕತ್ತರಿಸಿಕೊಂಡು ಹೋದರು. ನಿಮ್ಮ ಫೋಟೋ ಅದಕ್ಕಿಂತ ಮುಂಚಿನದ್ದು ಇರಬಹುದು, ಖಾತ್ರಿ ಮಾಡಿಕೊಳ್ಳಲು ಬಟ್ಟೆ, ವಾಹನ ಇದ್ದರೆ ಅದನ್ನೂ ನೋಡಿ. ಬಿಸಿಲು ಎಲ್ಲಿ ಬಿದ್ದಿದೆ ಅಂತ ಗಮನಿಸಿ. ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ. ಬಾಗಿಲ ಮೇಲೆ ನೇರ ಬಿಸಿಲಿದ್ದರೆ, ಉತ್ತರಕ್ಕೆ ಮುಖ ಮಾಡಿದ ಮನೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಪ್ರಶ್ನೆ: ಇದಕ್ಕೆಲ್ಲ ಲಂಡನ್‌ಗೆ ಹೋಗಲೇಬೇಕಾ? ದುಡ್ಡು ಎಷ್ಟು ಬೇಕು?

ಉತ್ತರ: ಶುರು ಮಾಡಲು ಹೋಗುವುದು ಬೇಡ. ನಾನು ಹೇಳಿದ ನಕ್ಷೆಗಳಿಗೆ ಕಾಸು ಬೇಡ. ಬೀದಿ ಬೀದಿಯ ಕಥೆ ಹೇಳುವ ‘ಸರ್ವೆ ಆಫ್ ಲಂಡನ್’ ಸಂಪುಟಗಳು ಬ್ರಿಟಿಷ್ ಹಿಸ್ಟರಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ‘ಬ್ರಿಟನ್ ಫ್ರಮ್ ಅಬವ್’ ತಾಣದಲ್ಲಿ 1919ರಿಂದ ವಿಮಾನದಿಂದ ತೆಗೆದ ಫೋಟೋಗಳಿವೆ, ಅವನ್ನು ನೋಡಲೂ ಹಣ ಕೊಡಬೇಕಿಲ್ಲ. 1939ರ ರಿಜಿಸ್ಟರ್, ಮತದಾರರ ಪಟ್ಟಿ, ಹಡಗಿನ ಪಟ್ಟಿ ಮಾತ್ರ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಥರದ ಚಂದಾ ತಾಣಗಳಲ್ಲಿವೆ. ಉಚಿತವಾದದ್ದನ್ನೆಲ್ಲ ಮೊದಲು ಮುಗಿಸಿ, ಏನೇನು ನೋಡಬೇಕು ಅಂತ ಬರೆದಿಟ್ಟುಕೊಂಡು, ಆಮೇಲೆ ಒಂದೇ ತಿಂಗಳಿಗೆ ಚಂದಾ ಕಟ್ಟಿ. ಬರೆದಿಡುವಾಗ ಯಾವ ಪಟ್ಟಿ, ಯಾವ ವರ್ಷ, ಎಷ್ಟನೇ ಪುಟ ಅನ್ನುವುದು ತಪ್ಪದೆ ಇರಲಿ. ಸಿಗದೇ ಹೋದದ್ದನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಪುಟವನ್ನು ಮತ್ತೆ ತಿರುವಿಹಾಕಬೇಕಾಗುತ್ತದೆ.