ಪೋಸ್ಟ್‌ಪೇಯ್ಡ್ ಬಿಲ್ ಪ್ರತಿ ತಿಂಗಳೂ ಪ್ಲಾನ್‌ಗಿಂತ ಜಾಸ್ತಿ ಬರುತ್ತಿದೆ, ಪ್ಲಾನ್ ಬದಲಿಸಬೇಕಾ?

399 ರೂಪಾಯಿ ಪ್ಲಾನ್ ಇದ್ದರೂ ಮೂರು ತಿಂಗಳಿಂದ ಬಿಲ್ 700 ದಾಟುತ್ತಿದೆ, ಪ್ಲಾನ್ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸರಿಹೋಗಬಹುದು. ಆದರೆ ಕಸ್ಟಮರ್ ಕೇರ್‌ನವರು ಹೇಳಿದ ಪ್ಲಾನ್‌ಗೆ ತಕ್ಷಣ ಹೂಂ ಅನ್ನಬೇಡಿ. ಮೊದಲು ಆ ಮೂರೂ ಬಿಲ್‌ಗಳ ಪಿಡಿಎಫ್ ತೆರೆದು, ಪ್ಲಾನ್‌ನ ತಿಂಗಳ ಬಾಡಿಗೆ ಬಿಟ್ಟು ಉಳಿದ ದುಡ್ಡು ಯಾವ ಸಾಲಿನಲ್ಲಿ ಕೂತಿದೆ ನೋಡಿ.

ನಮ್ಮ ಮನೆ ಸಾಗರದ ಹತ್ತಿರ. ಒಂದು ಜುಲೈನಲ್ಲಿ ನನಗೂ ಇದೇ ಆಯಿತು. ನನ್ನದೂ 399ರ ಪ್ಲಾನ್, ತಿಂಗಳಿಗೆ 40 ಜಿಬಿ. ಬಂದ ಬಿಲ್ 809 ರೂಪಾಯಿ 15 ಪೈಸೆ. ಒಳಗೆ ಹೆಚ್ಚುವರಿ ಡೇಟಾ ಅಂತ ಒಂದು ಸಾಲು, ಅದರ ಎದುರು 286.72. ಮಿತಿ ಮುಗಿದ ಮೇಲೆ ಎಂಬಿಗೆ 2 ಪೈಸೆ ಲೆಕ್ಕ. 2 ಪೈಸೆ ಅಂದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಒಂದು ಜಿಬಿಗೆ 20 ರೂಪಾಯಿ 48 ಪೈಸೆ ಆಗುತ್ತದೆ. ನಾವು 14 ಜಿಬಿ ಜಾಸ್ತಿ ಸುಟ್ಟಿದ್ದೆವು. ಎಲ್ಲದರ ಮೇಲೆ 18% ಜಿಎಸ್‌ಟಿ ಬೇರೆ.

ಕಾರಣ ಹುಡುಕಿದಾಗ ಗೊತ್ತಾಯಿತು. ಮಳೆಗೆ ಮರ ಬಿದ್ದು ಬ್ರಾಡ್‌ಬ್ಯಾಂಡ್ ಕೇಬಲ್ ಹರಿದಿತ್ತು. ಹತ್ತು ದಿನ ಮಗಳ ಲ್ಯಾಪ್‌ಟಾಪ್ ನನ್ನ ಫೋನಿನ ಹಾಟ್‌ಸ್ಪಾಟ್ ಮೇಲೇ ನಡೆಯಿತು. ಹಾಟ್‌ಸ್ಪಾಟ್ ಕೂಡ ವೈಫೈ ಅಂದುಕೊಂಡು ವಿಂಡೋಸ್ ಸುಮ್ನೆ ಅಪ್‌ಡೇಟ್ ಇಳಿಸಿಕೊಳ್ಳುತ್ತಿತ್ತು. ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದ ಮೇಲೆ ಅದು ನಿಂತಿತು. ನಿಮ್ಮ ಮನೆಯಲ್ಲೂ ಯಾರಾದರೂ ಹಾಟ್‌ಸ್ಪಾಟ್ ಬಳಸುತ್ತಿದ್ದರೆ ಇವತ್ತೇ ಇದನ್ನು ಮಾಡಿ. ಫೋಟೋ ಬ್ಯಾಕಪ್ ವೈಫೈನಲ್ಲಿ ಮಾತ್ರ ಆಗುವ ಹಾಗೆ ಇಡಿ.

ಈಗ ಪ್ಲಾನ್ ಲೆಕ್ಕ. ನನಗಿದ್ದ ಮೇಲಿನ ಪ್ಲಾನ್ 549ರದು. ಎರಡರ ನಡುವೆ ವ್ಯತ್ಯಾಸ 150 ರೂಪಾಯಿ. ಅಂದರೆ ಸುಮಾರು 7 ಜಿಬಿವರೆಗೆ ಜಾಸ್ತಿ ಬಳಸಿದರೂ ಹಳೇ ಪ್ಲಾನೇ ಅಗ್ಗ. ಅದಕ್ಕಿಂತ ಮೇಲೆ ಹೋದರೆ ಮಾತ್ರ ದೊಡ್ಡ ಪ್ಲಾನ್ ಲಾಭ. ಆ ತಿಂಗಳು 549ರಲ್ಲಿ ಇದ್ದಿದ್ದರೆ ತೆರಿಗೆ ಸೇರಿ 647.82ರಲ್ಲಿ ಮುಗಿಯುತ್ತಿತ್ತು. ಹಾಗಂತ ವರ್ಷವಿಡೀ ಅದರಲ್ಲೇ ಇರುವುದು ದಂಡ. ನಾನು ಮಳೆಗಾಲಕ್ಕೆ ಮಾತ್ರ ಮೇಲಿನ ಪ್ಲಾನ್‌ಗೆ ಹೋಗಿ, ದಸರಾ ಹೊತ್ತಿಗೆ ವಾಪಸ್ ಬರುತ್ತೇನೆ. ನಿಮ್ಮ ಎರಡು ಪ್ಲಾನ್‌ಗಳ ವ್ಯತ್ಯಾಸವನ್ನು ನಿಮ್ಮ ಬಿಲ್‌ನಲ್ಲಿರುವ ಒಂದು ಜಿಬಿ ದರದಿಂದ ಭಾಗಿಸಿ, ನಿಮ್ಮ ಗಡಿ ಸಿಗುತ್ತದೆ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಫೋನ್ ಡೇಟಾ ಎಣಿಸುವುದು ಸಾಮಾನ್ಯವಾಗಿ 1ನೇ ತಾರೀಕಿನಿಂದ. ಬಿಲ್ ಸೈಕಲ್ 12ರಿಂದ 11ರವರೆಗೆ ಇರಬಹುದು. ಆಂಡ್ರಾಯ್ಡ್‌ನಲ್ಲಿ ಡೇಟಾ ಸೈಕಲ್ ತಾರೀಕನ್ನು ಬಿಲ್ ತಾರೀಕಿಗೆ ಹೊಂದಿಸಿ, ಮಿತಿಯನ್ನು ಪ್ಲಾನ್‌ಗಿಂತ 2 ಜಿಬಿ ಕಡಿಮೆ ಇಡಿ. ಅಲ್ಲಿಗೆ ಬಂದಾಗ ಡೇಟಾ ತಾನಾಗೇ ನಿಲ್ಲುತ್ತದೆ. ಐಫೋನ್ ಆದರೆ ಪ್ರತಿ ಬಿಲ್ ದಿನ ನೀವೇ ರೀಸೆಟ್ ಮಾಡಬೇಕು.

ಜಾಸ್ತಿ ದುಡ್ಡು ಡೇಟಾದ್ದಲ್ಲ ಅಂತಾದರೆ ಪ್ಲಾನ್ ಮುಟ್ಟಬೇಡಿ. ಐಎಸ್‌ಡಿ, ಅಂದರೆ ವಿದೇಶಕ್ಕೆ ಮಾಡಿದ ಕಾಲ್ ಇದ್ದರೆ ವಾಟ್ಸಾಪ್ ಕಾಲ್ ಸಾಕು. ಕೇಳದೇ ಅಂಟಿಕೊಂಡ ಹಾಡು, ಜಾತಕದಂಥ ಸೇವೆ ಇದ್ದರೆ 155223ಕ್ಕೆ ಫೋನ್ ಮಾಡಿ ತೆಗೆಸಿ.

ಎಷ್ಟು ಮಾಡಿದರೂ ಹಿಡಿತಕ್ಕೆ ಬರದಿದ್ದರೆ ಪ್ರೀಪೇಯ್ಡ್‌ಗೆ ಹೋಗಿ, ನಂಬರ್ ಅದೇ ಇರುತ್ತದೆ. ಡೇಟಾ ಮುಗಿದರೆ ನಿಲ್ಲುತ್ತದೆ ಇಲ್ಲವೇ ನಿಧಾನವಾಗುತ್ತದೆ, ಬಿಲ್ ಬೆಳೆಯುವುದಿಲ್ಲ. ಕಂಪನಿಯನ್ನೇ ಬದಲಿಸುವುದಾದರೆ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಅಕ್ಷರಗಳು ಇಂಗ್ಲಿಷ್‌ನಲ್ಲಿರಲಿ. ಅದಕ್ಕೂ ಮುಂಚೆ ಹಳೇ ಬಾಕಿ ಕಟ್ಟಿರಬೇಕು, ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು.

ಅದೇ ಕಂಪನಿಯಲ್ಲಿ ಪ್ಲಾನ್ ಬದಲಿಸುವಾಗ "ಮುಂದಿನ ಬಿಲ್ ಸೈಕಲ್‌ನಿಂದ ಮಾಡಿ" ಅಂತ ಕೇಳಿ. ನಡುವೆ ಬದಲಿಸಿದರೆ ಹಳೇ ಪ್ಲಾನ್ ಅರ್ಧ, ಹೊಸದು ಅರ್ಧ ಸೇರಿ ಮೊದಲ ಬಿಲ್ ಗೊಂದಲವಾಗುತ್ತದೆ, ಡೇಟಾ ಕೂಡ ದಿನದ ಲೆಕ್ಕಕ್ಕೆ ಕಡಿತವಾಗಬಹುದು. ಹೊಸ ಸೈಕಲ್ ಶುರುವಾದ ದಿನವೇ ಆಪ್ ತೆರೆದು ಪ್ಲಾನ್ ಬದಲಾಗಿದೆಯಾ ನೋಡಿಕೊಳ್ಳಿ.