ಕಟ್ಟೆಯ ಮೇಲಿನ ತಂಬಿಗೆ

ಪತ್ರ: ‘ಮೊರ, ಬುಟ್ಟಿ ಮಾರುತ್ತಾ ಬಂದ ಮುದುಕಿಯನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಪಕ್ಕದ ಮನೆಯವರು, “ಅವರ ಜಾತೀನ ಕಳ್ಳರದು, ಮನಿ ನೋಡ್ಕೊಂಡು ಹೋಗಾಕ ಬಂದಿರ್ತಾರ” ಎಂದರು. ಆಕೆ ಹೋದ ಮೇಲೆ ತಂಬಿಗೆ ಇದೆಯೇ ಎಂದು ನಾನೇ ನೋಡಿದೆ. ಇತ್ತು. ನಾಚಿಕೆಯಾಯಿತು. ಒಂದು ತಂಬಿಗೆ ನೀರಿನಿಂದ ಏನು ಬದಲಾದೀತು?’ — ಓದುಗರೊಬ್ಬರು, ಧಾರವಾಡ

ಅಕ್ಕಾ, ‘ನಾಚಿಕೆಯಾಯಿತು’ ಎಂದು ಬರೆದಿರಲ್ಲ, ಆ ಮಾತಿಗಾಗಿಯೇ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಆ ಸಂಶಯ ನಿಮ್ಮ ಮನಸ್ಸಿನಲ್ಲಿ ಹುಟ್ಟಿದ್ದಲ್ಲ. ಅದನ್ನು ಬಿತ್ತಿದ್ದು ಒಂದು ಕಾನೂನು.

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಪಟ್ಟಿಯಲ್ಲಿದ್ದ ಜಾತಿಯಲ್ಲಿ ಹುಟ್ಟಿದರೆ ಸಾಕು, ಕದಿಯಲೇಬೇಕೆಂದಿರಲಿಲ್ಲ. ಠಾಣೆಯಲ್ಲಿ ಹೆಸರು, ಹಾಜರಿ, ಊರು ಬಿಡಬೇಕಾದರೆ ಪಾಸು. ನಿಮ್ಮ ಮಗ್ಗುಲ ಹುಬ್ಬಳ್ಳಿಯಲ್ಲಿ ಇಂಥವರನ್ನು ಬೇಲಿಯೊಳಗೆ ಕೂಡಿಹಾಕಿದ್ದ ಜಾಗಕ್ಕೆ ಜನ ಇವತ್ತಿಗೂ ‘ಸೆಟ್ಲಮೆಂಟ್’ ಅನ್ನುತ್ತಾರೆ. ಆ ಪಟ್ಟಿಗೆ ಸೇರಿದ್ದ ಕೊರಚರ ಕಥೆ ನೋಡಿ. ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ಜನ. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ವ್ಯಾಪಾರ ಮುರಿಯಿತು. ಅವರ ಅನ್ನ ಕಸಿದ ಸರ್ಕಾರವೇ ಅವರನ್ನು ಕಳ್ಳರೆಂದು ದಾಖಲೆಯಲ್ಲಿ ಬರೆದುಕೊಂಡಿತು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಮಾತು ರದ್ದಾಗಲಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರಿದೆ. ಗಂಟು ಕದಿಯುವವರು ಎಂದು ಅರ್ಥ. ಏನೂ ಅರಿಯದ ಮಗುವಿನ ಜಾತಿ ಪ್ರಮಾಣಪತ್ರದಲ್ಲಿ ಆ ಪದ ಅಚ್ಚಾಗುತ್ತದೆ. ಇದನ್ನು ಬರೆಯುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯಾಕೆಂದರೆ ಅಂಥ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಯಾರ ಪೆನ್ಸಿಲ್ ಕಳೆದರೂ ಮಾಸ್ತರರು ಮೊದಲು ಅವನ ಚೀಲವನ್ನೇ ಕೊಡವುತ್ತಿದ್ದರು. ನಾವೆಲ್ಲ ಸುಮ್ಮನೆ ನೋಡುತ್ತಿದ್ದೆವು, ನಾನೂ. ಒಂದು ದಿನ ಅವನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಎದ್ದು ನಿಂತು, “ನಂದೂ ನೋಡ್ರಿ ಸರ್” ಎಂದು ತನ್ನ ಚೀಲವನ್ನು ನೆಲದ ಮೇಲೆ ಸುರಿದ. ಹಿಂದಿನ ಸಾಲಿನಿಂದ ಇನ್ನೊಬ್ಬ ಸುರಿದ. ಮಾಸ್ತರರು ಮಾತಾಡದೆ ಪಾಠ ಮುಂದುವರಿಸಿದರು. ಆ ವರ್ಷ ಮತ್ತೆ ಚೀಲ ಕೊಡವಲಿಲ್ಲ. ಪೆನ್ಸಿಲ್ ಸಿಕ್ಕಿತೋ ಇಲ್ಲವೋ ನನಗೆ ನೆನಪಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ ಇನ್ನೊಂದು ಪದ ‘ಇತ್ತು’. ತಂಬಿಗೆ ಇರದೇ ಹೋಗಿದ್ದರೆ? ನಮ್ಮ ನಿಮ್ಮ ಜಾತಿಯವರು ಬ್ಯಾಂಕು ಮುಳುಗಿಸಿದಾಗ ಯಾರೂ ನಮ್ಮ ಮಕ್ಕಳ ಚೀಲ ಕೊಡವುವುದಿಲ್ಲ. ಆ ಮುದುಕಿ ಮಾತ್ರ ಪ್ರತಿ ಮನೆಯ ಬಾಗಿಲಲ್ಲೂ ತನ್ನ ಜಾತಿಯ ಪರವಾಗಿ ಪರೀಕ್ಷೆ ಬರೆಯಬೇಕೇ? ಪಾಸಾದವರಿಗಷ್ಟೇ ಕೊಡುವ ನೀರು ನೀವು ಕೊಟ್ಟ ನೀರಲ್ಲ. ನೀವು ಕೊಟ್ಟದ್ದು ಬಿಸಿಲಲ್ಲಿ ಬಂದವಳಿಗೆ. ಆಮೇಲೆ ತಂಬಿಗೆ ಹುಡುಕಿದ್ದಕ್ಕೆ ಕೊರಗಬೇಡಿ, ನಾಚಿಕೆಯಾದದ್ದು ಒಳ್ಳೆಯದೇ ಆಯಿತು.

ಪಕ್ಕದ ಮನೆಯವರೊಡನೆ ವಾದಕ್ಕಿಳಿಯಬೇಡಿ. ಆಕೆ ಮುಂದಿನ ಸಲ ಬಂದಾಗ ಹೆಸರು ಕೇಳಿ, ಹೆಸರು ಹಿಡಿದೇ ಕರೆಯಿರಿ, ಪಕ್ಕದವರಿಗೂ ಕೇಳುವಂತೆ. ಒಂದು ಮೊರ ಕೊಳ್ಳಿ, ಚೌಕಾಸಿ ಬೇಡ. ಹೊಸ ಮೊರಕ್ಕೆ ಮೆಂತ್ಯ ಬಳಿಯುವುದು ಹೇಗೆಂದು ಅವರನ್ನೂ ಕರೆದು ಆಕೆಯಿಂದಲೇ ಹೇಳಿಸಿ. ಏನಾಯಿತೆಂದು ನನಗೆ ಬರೆಯಿರಿ.

— ಸಂಪಾದಕ