ಓದುಗರ ಪ್ರಶ್ನೆ: ಮಂಗಳೂರು–ದುಬೈ ಹಾರಾಟ ಎಷ್ಟು ಹೊತ್ತು?

ಪ್ರಶ್ನೆ: ಟಿಕೆಟ್‌ನಲ್ಲಿ ಮಂಗಳೂರಿನಿಂದ ಬೆಳಿಗ್ಗೆ 8:00ಕ್ಕೆ ಹೊರಟು ದುಬೈಗೆ 10:15ಕ್ಕೆ ತಲುಪುವುದೆಂದಿದೆ. ಬರುವಾಗ 11:15ಕ್ಕೆ ಹೊರಟರೆ ಸಂಜೆ 4:15. ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆಯೇ? ಕಣ್ಣೂರಿನಿಂದ ಹೋದರೆ ಬೇಗವೇ?
– ಓದುಗರು, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಹೊತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ 1:30 ಕೂಡಿಸಿ, ಬರುವಾಗ ಕಳೆಯಿರಿ: 3:45 ಮತ್ತು 3:30.

ನೇರ ದೂರ ಸುಮಾರು 2,460 ಕಿ.ಮೀ. ಗಂಟೆಗೆ 830 ಕಿ.ಮೀ. ವೇಗ ಹಿಡಿದರೆ ಮೂರು ಗಂಟೆ ಸಾಕಲ್ಲವೇ ಎಂದು ಕೇಳಬಹುದು. ಆದರೆ ಟಿಕೆಟ್‌ನ ಲೆಕ್ಕ ವಿಮಾನ ನಿಂತಲ್ಲಿಂದ ಕದಲಿದಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗಲೇ ಮುಗಿಯುತ್ತದೆ. ರನ್‌ವೇಗೆ ಸಾಗುವುದು, ಏರುವಾಗ ಇಳಿಯುವಾಗಿನ ಕಡಿಮೆ ವೇಗ, ವಾಯುಮಾರ್ಗದ ತಿರುವು, ದುಬೈ ಮೇಲೆ ಸರದಿಗಾಗಿ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿದೆ. ಚಳಿಗಾಲದಲ್ಲಿ ಎತ್ತರದಲ್ಲಿ ಪಡುವಣದಿಂದ ಬೀಸುವ ಬಲವಾದ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಮರಳುವ ಹಾರಾಟ ಚಿಕ್ಕದಾಗುವುದು ಅದರಿಂದಲೇ.

ಕಣ್ಣೂರಿನಿಂದ ದೂರ ಸುಮಾರು 2,590 ಕಿ.ಮೀ., ಆಕಾಶದಲ್ಲಿ ಒಂಬತ್ತು–ಹತ್ತು ನಿಮಿಷ ಹೆಚ್ಚು, ಅಷ್ಟೇ. ನಿಮಗೆ ನಿಜವಾದ ವ್ಯತ್ಯಾಸ ರಸ್ತೆಯಲ್ಲಿದೆ. ಕಾಸರಗೋಡು ಪೇಟೆಯಿಂದ ಬಜ್ಪೆಯ ಮಂಗಳೂರು ನಿಲ್ದಾಣಕ್ಕೆ 60 ಕಿ.ಮೀ. ಆಸುಪಾಸು, ಮಟ್ಟನ್ನೂರಿನ ಕಣ್ಣೂರು ನಿಲ್ದಾಣಕ್ಕೆ ನೂರಕ್ಕೂ ಹೆಚ್ಚು. ಟಿಕೆಟ್ ದರದಲ್ಲಿ ದೊಡ್ಡ ಉಳಿತಾಯವಿಲ್ಲದಿದ್ದರೆ ಮಂಗಳೂರೇ ಒಳ್ಳೆಯದು. ಅಂತರರಾಷ್ಟ್ರೀಯ ಹಾರಾಟಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ, ಮಳೆಗಾಲದಲ್ಲಿ ರಸ್ತೆಗೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ.